ಎರಡನೆಯ ಕುರ್ಚಿ

ಬದುಕು ಸಾಕೆನ್ನಿಸಿದ ಗಳಿಗೆಯಲ್ಲಿ ಒಬ್ಬರು ಸಹಾಯ ಕೇಳಿ ಫೋನ್ ಮಾಡಿದಾಗ ಅದು ಎಂಗೇಜ್ ಬಂದರೆ, ಆ ಹೊಣೆಯನ್ನು ನೀವು ಯಾರ ಮೇಲೆ ಹೊರಿಸುತ್ತೀರಿ?

ರಾಮಕೃಷ್ಣನಗರದ ಮನೆಯೊಂದರ ಮಹಡಿಯಲ್ಲಿ ನಮ್ಮ ಸಹಾಯವಾಣಿ ಇದೆ. ಎರಡು ಫೋನು, ಎರಡು ಕುರ್ಚಿ. ಬುಧವಾರ ಮಧ್ಯಾಹ್ನ ಸ್ವಯಂಸೇವಕಿಯಾಗಿ ಕೂರುವವಳು ನಾನೊಬ್ಬಳೇ. ಆದ್ದರಿಂದ ಎರಡನೆಯ ಫೋನಿನ ವೈರನ್ನು ಕಿತ್ತಿಟ್ಟಿರುತ್ತೇವೆ.

ಅಂಥದೊಂದು ಬುಧವಾರ ಹೂಟಗಳ್ಳಿ ಕಡೆಯ ಹೆಂಗಸೊಬ್ಬರು ಕರೆ ಮಾಡಿದರು. ಅವರ ಗುರುತು ಸಿಗದಂತೆ ಬರೆಯುತ್ತಿದ್ದೇನೆ.

"ಬದುಕಿರೋದೇ ಬ್ಯಾಡ ಅನ್ನಿಸ್ಬುಟ್ಟದೆ ಮೇಡಂ. ನಮ್ಮಕ್ಕ ಶಿಫ್ಟ್ ಮುಗಿಸ್ಕೊಂಡು ಬರೋಗಂಟ ಮಾತಾಡ್ತಿರಿ. ಒಬ್ಳೇ ಇರಕ್ಕೆ ಭಯ."

ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಮರುತ್ತರ ಕೊಡುವುದನ್ನು. ಇಲ್ಲಿ ಕೇಳಿಸಿಕೊಳ್ಳುವುದೇ ಕೆಲಸ. ಕೇಳಿಸಿಕೊಂಡೆ. ಏನಾದರೂ ತಿಂದಿರಾ ಎಂದೆ.

"ಉಪ್ಪಿಟ್ಟು ಮಾಡ್ದೆ. ಅದೂ ತಳ ಹಿಡ್ಕೊತು" ಎಂದು ಅವರು ಸಣ್ಣಗೆ ನಕ್ಕರು. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ನಮ್ಮ ಫೋನಿನಲ್ಲಿ ಕರೆದವರ ನಂಬರ್ ಕಾಣಿಸುವುದಿಲ್ಲ. ಅವರ ಗುಟ್ಟು ಉಳಿಯಲೆಂದೇ ಈ ಏರ್ಪಾಡು. ಅದು ಸರಿಯೆಂದು ನಾನು ಯಾವ ವೇದಿಕೆಯಲ್ಲಿಯೂ ವಾದಿಸಬಲ್ಲೆ. ಆದರೆ ಆ ಹೊತ್ತಿನಲ್ಲಿ ಫೋನಿನ ಮೇಲೆಯೇ ಕೈಯಿಟ್ಟು ಕಾಯುತ್ತ ಕೂತೆ.

ಫೋನ್ ರಿಂಗಾಯಿತು. ಅವರೇ ಎಂದು ಎತ್ತಿದರೆ ಗಂಡಸಿನ ದನಿ: "ಅಲ್ಲ ಮೇಡಂ, ಪುಕ್ಸಟ್ಟೆ ಬುದ್ಧಿ ಹೇಳ್ತೀರಂತೆ. ನಮ್ಮನೆಯವ್ಳಿಗೆ ಒಸಿ ಹೇಳಿ ಕಣ್ರೀ!"

ಫೋನ್ ಇಡಿ ಎನ್ನಲು ಬಾಯಿ ತೆರೆದೆ. ಆದರೆ ಅವರ ದನಿ ಕುಸಿಯಿತು. "ತವರಿಗೋಗಿ ಕೂತವ್ಳೆ. ನಂಗೆ ಮನೆ ಬಾಗ್ಲು ತಗಿಯಕ್ಕೇ ಮನಸ್ಸಿಲ್ಲ."

ಯಾರ ಸಂಕಟ ದೊಡ್ಡದೆಂದು ತೀರ್ಪು ಕೊಡುವ ಅಧಿಕಾರ ನನಗಿತ್ತೆ? ಅವರ ಮಾತಿಗೆ ಹೂಂಗುಟ್ಟುತ್ತ, ಇದೇ ಕ್ಷಣ ಹೂಟಗಳ್ಳಿಯ ಆ ಹೆಂಗಸು ನಮ್ಮ ನಂಬರ್ ಒತ್ತುತ್ತಿರಬಹುದೆಂದು ತಳಮಳಿಸುತ್ತ, ಪಕ್ಕದ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದೆ.

"ಹೇಳ್ಕೊಂಡಿದ್ದಕ್ಕೆ ಹಗುರಾಯ್ತು ಬುಡಿ" ಎಂದು ಅವರು ಫೋನಿಟ್ಟರು. ಕೂಡಲೇ ಮತ್ತೆ ರಿಂಗಾಯಿತು.

"ಎಲ್ಲೋಗಿದ್ರಿ ಮೇಡಂ? ಎಷ್ಟ್ ಸಲ ಮಾಡಿದ್ರೂ ಎಂಗೇಜು. ನಿಮ್ಗೂ ಬ್ಯಾಡ್ವಾದೆ ಅನ್ಕಂಡೆ."

ಉತ್ತರಿಸುವ ಮುನ್ನವೇ ಆ ಕಡೆ ಬಾಗಿಲು ಬಡಿದ ಸದ್ದು, ಇನ್ನೊಂದು ಹೆಣ್ಣುದನಿ: "ಏನೇ ಮಾಡ್ತಿದ್ದೀಯ ಒಳ್ಗೆ? ಚಿಲ್ಕ ತಗಿಯೇ!" ಅಕ್ಕ ಬಂದಿದ್ದರು.

ಆ ಗಂಡಸಿನ ಮಾತು ಇನ್ನಷ್ಟು ಹೊತ್ತು ಮುಂದುವರಿದು, ಅಕ್ಕನೂ ಅಂದು ತಡವಾಗಿ ಬಂದಿದ್ದರೆ? ಎಂಥ ವಾದವನ್ನೂ ಕಟ್ಟಬಲ್ಲ ನನಗೆ ಇದಕ್ಕೆ ಸಮಾಧಾನ ಸಿಕ್ಕಿಲ್ಲ. ಪ್ರತಿ ಬುಧವಾರ ಆ ಮಹಡಿಯ ಮೆಟ್ಟಿಲು ಹತ್ತುವಾಗ ಅದೇ ಪ್ರಶ್ನೆ ಎದೆಯಲ್ಲಿರುತ್ತದೆ.

ನಿಮ್ಮೂರಿನಲ್ಲೂ ಇಂಥದೊಂದು ಸಹಾಯವಾಣಿ ಇರಬಹುದು. ಕೇಳಿಸಿಕೊಳ್ಳುವುದನ್ನು ಅಲ್ಲಿಯವರೇ ಕಲಿಸುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ, ದಯವಿಟ್ಟು ಆ ಎರಡನೆಯ ಕುರ್ಚಿಯಲ್ಲಿ ಕುಳಿತುಕೊಳ್ಳಿ.