ಸೇತುವೆಯ ಕೆಳಗಿನ ನೀರು ಇಳಿದ ಮೇಲೆ

ಬೇಸಗೆಯ ಕೊನೆಗೆ ಬಂದ ಚಂಡಮಾರುತದ ಮಳೆಯಲ್ಲಿ, ಇಂಡಿಯನ್ ಅಂಗಡಿಗಳಿರುವ ಐಸೆಲಿನ್‌ನಿಂದ ದಿನಸಿ ತೆಗೆದುಕೊಂಡು ನಮ್ಮೂರು ಪ್ಲೇನ್ಸ್‌ಬರೋಗೆ ಮರಳುತ್ತಿದ್ದಾಗ, ರೈಲ್ವೆ ಸೇತುವೆಯ ಕೆಳಗೆ ನಮ್ಮ ಕಾರು ನೀರಿನಲ್ಲಿ ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಮಗಳು. ಬಾಗಿಲು ತೆರೆಯಲಿಲ್ಲ. ನೀರು ಸೀಟಿನ ಮಟ್ಟಕ್ಕೆ ಏರಿದಾಗ ಟ್ರಕ್ ಡ್ರೈವರೊಬ್ಬ ನೀರನ್ನು ತಳ್ಳಿಕೊಂಡು ಬಂದು, ಕಿಟಕಿ ಒಡೆದು ಮೊದಲು ಅವಳನ್ನು, ಆಮೇಲೆ ನನ್ನನ್ನು ಹೊರಗೆಳೆದ.

ಗೆಳೆಯರೆಲ್ಲ ಮನೆಗೆ ಬಂದರು. "ದೇವರು ದೊಡ್ಡವನು, ಏನೂ ಆಗ್ಲಿಲ್ವಲ್ಲ" ಎಂದರು. ನಾನೂ ಹಾಗೇ ಹೇಳಿಕೊಂಡೆ. ಪೂಜೆ ಮಾಡಿಸಿದೆವು. ಹೊಸ ಕಾರೂ ಬಂತು. ಆದರೆ ಮೋಡ ಕಟ್ಟಿದರೆ ನಾನು ಕಾರು ತೆಗೆಯುತ್ತಿರಲಿಲ್ಲ. ಮಳೆಯಿದ್ದ ದಿನ ತಲೆನೋವೆಂದು ಆಫೀಸಿಗೆ ಸುಳ್ಳು ಹೇಳುತ್ತಿದ್ದೆ. ಗಂಡನಿಗೂ ಅದೇ ಸುಳ್ಳು. ಎರಡು ಮಾಸ್ಟರ್ಸ್ ಡಿಗ್ರಿ ಮಾಡಿದವಳು ಮಳೆಗೆ ಹೆದರುತ್ತೇನೆಂದು ಹೇಗೆ ಹೇಳುವುದು?

ಮರುವರ್ಷದ ವಸಂತದಲ್ಲಿ ಒಂದು ಮಧ್ಯಾಹ್ನ ಶಾಲೆಯಿಂದ ಮೆಸೇಜ್ ಬಂತು: ಭಾರಿ ಮಳೆಯ ಮುನ್ಸೂಚನೆ, ಮಕ್ಕಳನ್ನು ಬೇಗ ಕರೆದೊಯ್ಯಿರಿ. ಗಂಡ ಮ್ಯಾನ್‌ಹ್ಯಾಟನ್‌ನಲ್ಲಿದ್ದ. ನಾನು ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಲು ಹೋದೆ. ಬೆರಳು ಬಟನ್ ಒತ್ತಲೇ ಇಲ್ಲ. ಗಾಜಿನ ಮೇಲೆ ಹನಿ ದಪ್ಪವಾಗುತ್ತಿತ್ತು. ಹತ್ತು ನಿಮಿಷ ಕಳೆದಿರಬೇಕು. ಶಾಲೆಯವರು ಫೋನ್ ಮಾಡತೊಡಗಿದರು.

ಕಿಟಕಿ ಬಡಿದವರು ಎದುರು ಬ್ಲಾಕಿನ ಧಾರವಾಡದ ಆಂಟಿ.

"ಯಾಕವಾ, ಹಿಂಗ್ಯಾಕ ಕೂತೀ?"

"ಆಂಟಿ, ಮಗಳನ್ನ ಸ್ಕೂಲಿಂದ ಕರ್ಕೊಂಡು ಬರ್ಬೇಕು. ನನ್ ಕೈಲಿ ಆಗ್ತಿಲ್ಲ." ಅಷ್ಟು ಹೇಳುವಾಗಲೇ ಅಳು ಒತ್ತರಿಸಿತು.

ಅವರು ಕಾರಿನ ಬಾಗಿಲು ತೆರೆದರು. "ಗಾಡಿ ಇಲ್ಲೇ ಇರಲಿ. ಸಾಲಿ ಏನ್ ದೂರ ಅದ? ನಡಕೋತ ಹೋಗೂಣು ನಡಿ."

ಒಂದೇ ಕೊಡೆಯಲ್ಲಿ ಒಂದು ಮೈಲಿ ನಡೆದೆವು. ದಾರಿಯಲ್ಲಿ ಅವರು, "ನಮ್ಮ ಮನಿಯವರು ಹೋದ ಮ್ಯಾಲೆ ನನಗೂ ಹಿಂಗ ಆಗ್ತಿತ್ತು. ಎರಡು ವರ್ಷ ಕೌನ್ಸೆಲರ್ ಕಡೆ ಹೋದೆ. ಯಾರಿಗೂ ಹೇಳಿಲ್ಲ. ನಿನಗ ಹೇಳಾಕತ್ತೀನಿ" ಎಂದರು.

ಶಾಲೆಯ ಬಾಗಿಲಲ್ಲಿ ಮಗಳು ಕೊನೆಯವಳಾಗಿ ನಿಂತಿದ್ದಳು. ನಮ್ಮ ನೆಂದ ಬಟ್ಟೆ ನೋಡಿ, "ಅಮ್ಮಾ, ವೈ ಡಿಡ್ ಯು ವಾಕ್?" ಎಂದಳು.

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. "ಡ್ರೈವ್ ಮಾಡಕ್ಕೆ ಹೆದ್ರಿಕೆ ಆಯ್ತು ಪುಟ್ಟಾ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಮೀ ಟೂ. ಎವ್ರಿ ಟೈಮ್ ಇಟ್ ರೇನ್ಸ್."

ಇಷ್ಟು ತಿಂಗಳೂ ಮಳೆ ಬಂದಾಗ ಅವಳಪ್ಪ ಓಡಿಸುವ ಕಾರಿನ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಮಕ್ಕಳು ಬೇಗ ಮರೆಯುತ್ತಾರೆಂದು ನಾನು ನಂಬಿದ್ದೆ. ಆ ಕ್ಷಣ ನನಗಾದಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ಆ ವಾರವೇ ಗಂಡನಿಗೆ ಎಲ್ಲ ಹೇಳಿದೆ. ತಾಯಿ ಮಗಳಿಬ್ಬರೂ ಕೌನ್ಸೆಲರ್ ಹತ್ತಿರ ಹೋಗತೊಡಗಿದೆವು. ಮಳೆ ಬಂದಾಗ ಏನಾಗುತ್ತದೆಂದು ಆಕೆ ಕೇಳಿದಾಗ ನನಗೆ ಇಂಗ್ಲಿಷ್ ಪದ ಸಿಗಲಿಲ್ಲ. "ಎದೆ ಝಲ್ ಅನ್ನುತ್ತೆ" ಎಂದುಬಿಟ್ಟೆ. ಅದನ್ನು ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು, ತಡವರಿಸದೆ.

ಈಗ ಸಣ್ಣ ಮಳೆಯಲ್ಲಿ ಡ್ರೈವ್ ಮಾಡುತ್ತೇನೆ. ಜೋರು ಮಳೆಯಲ್ಲಿ ಇನ್ನೂ ಆಗುವುದಿಲ್ಲ. ಆಗುವುದಿಲ್ಲವೆಂದು ಆಫೀಸಿಗೆ ಹಾಗೇ ಹೇಳುತ್ತೇನೆ.