ಗಾಲಿಗೆ ಉಡಿಸಿದ ಸೀರೆ

ನಿನ್ನೆ ಮಧ್ಯಾಹ್ನ ನಮ್ಮ ಹಾಲ್ ತುಂಬ ರಬ್ಬರ್ ಸೊಲ್ಯೂಶನ್ನಿನ ವಾಸನೆ. ಸೊಸೆ ವೀಣಾ ಹೊರಗೆ ಬಿಸಿಲೆಂದು ತನ್ನ ಸೈಕಲ್ಲನ್ನು ಸೋಫಾದ ಮುಂದೆಯೇ ತಲೆಕೆಳಗಾಗಿ ನಿಲ್ಲಿಸಿದ್ದಳು. ಕೆಳಗೆ ನಾನು ಅರ್ಧ ಓದಿಟ್ಟ ಪೇಪರು ಹಾಸಿದ್ದಳು. ಬ್ಯಾಂಕಿನಲ್ಲಿ ಆಫೀಸರ್, ಐವತ್ತು ದಾಟಿದವಳು, ಆದರೂ ಭಾನುವಾರ ಬಂತೆಂದರೆ ಹೆಲ್ಮೆಟ್ ಹಾಕಿಕೊಂಡು ಬಾಗಲಕೋಟೆ ಬಿಟ್ಟು ಹೊರಡುತ್ತಾಳೆ. ಹೋದ ವಾರ ಅಮೀನಗಡಕ್ಕೆ ಹೋಗಿದ್ದಳು. ನನ್ನ ಬಾಯಿ ಮುಚ್ಚಿಸಲು ಕರದಂಟು ತಂದಳು, ನನ್ನ ಡೆಂಚರ್‌ಗೆ ಅದು ಅಂಟಿಕೊಂಡು ಬಾಯಿ ನಿಜವಾಗಿಯೂ ಮುಚ್ಚಿತು. ಈ ವಾರ ಬಾದಾಮಿ, ಅಲ್ಲಿಂದ ಶಿವಯೋಗ ಮಂದಿರ. ಜೊತೆಗೆ ಬರಬೇಕಿದ್ದ ಗೆಳತಿಗೆ ಜ್ವರವಾದ್ದರಿಂದ ಒಬ್ಬಳೇ.

"ದಾರ್‍ಯಾಗ ಪಂಕ್ಚರ್ ಆದ್ರ?" ಎಂದೆ.

"ಆಗಬಾರ್ದಂತನ ಇಷ್ಟೆಲ್ಲಾ ಮಾಡಾಕತ್ತೇನಿ, ಅತ್ತಿ. ಈ ಸಲ ಟೈರಿನ ಒಳಗ ಲೈನರ್ ಹಾಕ್ತೇನಿ, ನೋಡ್ರಿ."

ಲೈನರ್ ಎಂದರೆ ಟೈರಿಗೂ ಟ್ಯೂಬಿಗೂ ನಡುವೆ ಸುತ್ತಲೂ ಕೂರಿಸುವ ಪ್ಲಾಸ್ಟಿಕ್ ಪಟ್ಟಿ. ಮುಳ್ಳು ಟೈರನ್ನು ದಾಟಿ ಬಂದರೂ ಅಲ್ಲಿ ನಿಲ್ಲುತ್ತದೆ. ನಾನು ಅದನ್ನು ಕೈಗೆ ತೆಗೆದುಕೊಂಡು ತುದಿಯ ಮೇಲೆ ಬೆರಳಾಡಿಸಿದೆ. "ಈ ಅಂಚು ತಿಕ್ಕಿ ನುಣ್ಣಗ ಮಾಡು. ಇಲ್ಲಂದ್ರ ಮುಳ್ಳು ಬಿಟ್ಟ ಕೆಲಸಾ ಇದನ ಮಾಡ್ತೈತಿ."

ಗೋಡೆಯ ಗಡಿಯಾರ ಇದ್ದಕ್ಕಿದ್ದಂತೆ ಮಾತಾಡಿದರೆ ನೋಡುವ ಹಾಗೆ ವೀಣಾ ನನ್ನನ್ನು ನೋಡಿದಳು. ಅವಳಿಗೆ ಹೇಗೆ ಗೊತ್ತಿರಬೇಕು? ಅವಳು ಈ ಮನೆಗೆ ಬರುವ ಹೊತ್ತಿಗೆ ನನ್ನ ಸೈಕಲ್ಲು ಗುಜರಿಗೆ ಹೋಗಿತ್ತು, ನನ್ನ ಅತ್ತೆ ನೀಲವ್ವ ಗೋಡೆಯ ಮೇಲಿನ ಫೋಟೋ ಆಗಿದ್ದರು.

ನಾನು ಧಾರವಾಡದ ಕಾನ್ವೆಂಟಿನಲ್ಲಿ ಓದಿದವಳು. ಸೂಪನ್ನು ಸದ್ದಿಲ್ಲದೆ ಕುಡಿಯುವುದನ್ನೂ ಸೈಕಲ್ಲಿನ ಮೇಲೆ ಬೆನ್ನು ನೆಟ್ಟಗೆ ಇಟ್ಟುಕೊಳ್ಳುವುದನ್ನೂ ಅಲ್ಲಿ ಕಲಿಸಿದರು. "ಬ್ಯಾಕ್ ಸ್ಟ್ರೇಟ್, ಗರ್ಲ್ಸ್" ಎಂದು ಸಿಸ್ಟರ್ ಅಂಗಳದ ತುದಿಯಿಂದ ಕೂಗುತ್ತಿದ್ದರು. ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೆ ಸೂಪಿನ ಪ್ರಸಂಗ ಇವತ್ತಿನವರೆಗೂ ಬಂದಿಲ್ಲ. ಬೆನ್ನು ಮಾತ್ರ ಉಪಯೋಗಕ್ಕೆ ಬಂತು.

ಗಂಡನ ಮನೆ ನೇಕಾರರ ಮನೆ. ಪಡಸಾಲೆಯಲ್ಲಿ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿ ಮಗ್ಗ, ಅದರ ಮುಂದೆ ಬೆಳಗಿನಿಂದ ಸಂಜೆಯವರೆಗೆ ಅತ್ತೆ. ಎಳೆಗಳ ನಡುವೆ ಅತ್ತಿತ್ತ ಓಡುವ ಅವರ ಲಾಳಿ ಮಾತಾಡುವಾಗಲೂ ನಿಲ್ಲುತ್ತಿರಲಿಲ್ಲ. ಲಾಳಿ ನಿಂತಿತೆಂದರೆ ಮಾತು ಗಂಭೀರವಾದದ್ದು ಎಂದು ಮನೆಯವರೆಲ್ಲ ತಿಳಿದುಕೊಳ್ಳುತ್ತಿದ್ದರು. ಹುನಗುಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತೆಂದು ಹೇಳಿದ ದಿನ ಲಾಳಿ ನಿಂತಿತು.

"ಹೋಗು. ಆದ್ರ ದೀಪಾ ಹಚ್ಚೂದ್ರಾಗ ಹೊಸ್ತಿಲಾ ದಾಟಿ ಒಳಗಿರಬೇಕು. ಒಂದಿನಾ ತಪ್ಪಿದ್ರ ಸಾಲಿ ಬಂದ್. ಆಮ್ಯಾಲ ನೀ ಇಂಗ್ಲಿಷಿನ್ಯಾಗ ಅತ್ರೂ ನಾ ಕೇಳಾಂಗಿಲ್ಲ."

ನನ್ನ ಗಂಡ ಪಕ್ಕದಲ್ಲೇ ನಿಂತು ಛಾವಣಿಯ ತೊಲೆಗಳನ್ನು ಪರೀಕ್ಷಿಸುತ್ತಿದ್ದರು. ಒಳ್ಳೆಯ ಮನುಷ್ಯ. ಅವ್ವ ಮಾತಾಡುವಾಗ ಅವರಿಗೆ ಯಾವಾಗಲೂ ತೊಲೆಗಳ ಚಿಂತೆ.

ಸಂಜೆಯ ಬಸ್ಸನ್ನು ನಂಬಿದರೆ ದೀಪದ ಹೊತ್ತು ಮೀರುತ್ತಿತ್ತು. ಹೀಗಾಗಿ ಸೈಕಲ್ಲು. ಸೀರೆ ಉಟ್ಟ ಸೊಸೆ ಸೈಕಲ್ ತುಳಿಯುವುದನ್ನು ನೋಡಲು ಮೊದಮೊದಲು ಜನ ಅಂಗಡಿಯಿಂದ ಹೊರಬಂದು ನಿಲ್ಲುತ್ತಿದ್ದರು, ಆಮೇಲೆ ಅವರಿಗೇ ಬೇಸರ ಬಂತು. ನನಗೆ ಬರಲಿಲ್ಲ. ಆ ಕ್ಲಾಸ್‌ರೂಮಿನಲ್ಲಿ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಸೀಮೆಸುಣ್ಣ ಹಿಡಿದ ಮಿಸ್ ಅಷ್ಟೇ. ಆ ಕ್ಲಾಸ್‌ರೂಮು ಉಳಿಯುವುದೋ ಬಿಡುವುದೋ ಎರಡು ಟ್ಯೂಬುಗಳೊಳಗಿನ ಗಾಳಿಯ ಮೇಲೆ ನಿಂತಿತ್ತು.

ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತಿದ್ದರೆ ಮುಳ್ಳಿನ ವಿಷಯ ನಾನು ಹೇಳಬೇಕಾಗಿಲ್ಲ. ಹೊಲದ ಬೇಲಿಗೆಂದು ಚಕ್ಕಡಿಯಲ್ಲಿ ಜಾಲಿಯ ಟೊಂಗೆ ಹೇರುತ್ತಾರೆ, ಚಕ್ಕಡಿ ಹೋದಲ್ಲೆಲ್ಲ ಮುಳ್ಳು ಬೀಳುತ್ತದೆ. ಕುರಿಯವರು ಹಟ್ಟಿಯ ಸುತ್ತ ಅದನ್ನೇ ಕಟ್ಟಿ, ಎದ್ದು ಹೋಗುವಾಗ ಬಿಟ್ಟು ಹೋಗುತ್ತಾರೆ. ಇನ್ನು ನೆಗ್ಗಿನ ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಆಕಾಶ ನೋಡುತ್ತಿರುತ್ತದೆ. ರಸ್ತೆಯ ಅಂಚಿನಲ್ಲಿ ಹೋಗದೆ, ಗಾಲಿಗಳು ಉಜ್ಜಿ ಸ್ವಚ್ಛ ಮಾಡಿದ ಜಾಡಿನಲ್ಲೇ ಹೋಗುವುದನ್ನು ಕಲಿತೆ. ಮೆತ್ತಗಿನ ಟೈರು ಬೇಗ ಚುಚ್ಚಿಸಿಕೊಳ್ಳುತ್ತದೆಂದು ದಿನಾ ಬೆಳಿಗ್ಗೆ ಗಟ್ಟಿಯಾಗಿ ಪಂಪ್ ಹೊಡೆದೆ. ಮನೆಗೆ ಬಂದ ಕೂಡಲೇ ಗಾಲಿ ತಿರುಗಿಸಿ, ಚುಚ್ಚಿಕೊಂಡದ್ದು ಇನ್ನೂ ಆಳಕ್ಕೆ ಇಳಿಯುವ ಮುಂಚೆ ಕೀಳುತ್ತಿದ್ದೆ. ಹಟ್ಟಿಯ ಹತ್ತಿರ ಒಮ್ಮೆ ನಿಂತು ಕುರಿ ಕಾಯುವ ಹೆಂಗಸಿಗೆ ಬೈದೂ ಬಂದೆ. ಆಕೆ ಕಂಬಳಿ ಸರಿಪಡಿಸಿಕೊಳ್ಳುತ್ತ, "ನಿನಗ ಗಾಲಿ ಚಿಂತಿ, ನನಗ ತ್ವಾಳದ ಚಿಂತಿ. ತ್ವಾಳಕ್ಕ ಪಂಪ್ ಹೊಡ್ಯಾಕ ಬರತೈತೇನಬೇ?" ಎಂದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಸೈಕಲ್ ಹತ್ತಿದೆ.

ಇಷ್ಟಾದರೂ ಪಂಕ್ಚರ್ ಆಗುತ್ತಲೇ ಇತ್ತು, ದೀಪದ ಹೊತ್ತಿಗೆ ಕೂದಲೆಳೆಯಷ್ಟು ಮುಂಚೆ ಮನೆ ಸೇರುತ್ತಲೇ ಇದ್ದೆ. ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಆಕಾಶದ ಕಡೆ ನೋಡಿ ಒಳಗೆ ಹೋಗುತ್ತಿದ್ದರು. ಒಂದು ಭಾನುವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸೈಕಲ್ಲು ಪಡಸಾಲೆಯಲ್ಲಿ ಬಿಚ್ಚಿ ಬಿದ್ದಿತ್ತು. ನನ್ನ ಗಂಡ ಟೈರು ಹಿಡಿದು ಕೂತಿದ್ದರು. ಅತ್ತೆ ರೇಷ್ಮೆ ಎಳೆಯ ಒಂದು ಮುದ್ದೆಯನ್ನು ಟೈರಿನ ಒಳಮೈಗೆ ಸುತ್ತಲೂ ಸವರುತ್ತಿದ್ದರು. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿನ ಮೊನೆ.

"ಕಣ್ಣಿಗಿ ಕಾಣದ್ದು ರೇಷ್ಮಿಗಿ ಕಾಣತೈತಿ," ಎಂದು ಮುರಿದ ಮೊನೆಯೊಂದನ್ನು ಉಗುರಿನಲ್ಲಿ ಕಿತ್ತು ನನ್ನ ಅಂಗೈಗೆ ಹಾಕಿದರು. ಆಮೇಲೆ ತಾವೇ ನೇಯ್ದು ಉಟ್ಟು ಹಳೆಯದಾಗಿದ್ದ ಸೀರೆಯೊಂದನ್ನು ಉದ್ದುದ್ದಕ್ಕೆ ಸೀಳಿ, ಮಡಿಸಿ, ಟೈರಿನೊಳಗೆ ಸುತ್ತಲೂ ಹಾಸಿದರು. ನೇಕಾರರ ನಂಬಿಕೆ ಅದು: ಬಿಗಿಯಾಗಿ ನೇಯ್ದ ಬಟ್ಟೆಯನ್ನು ದಾಟುವಂಥದ್ದು ಲೋಕದಲ್ಲಿ ಏನೂ ಇಲ್ಲ.

ಅದು ಕೆಲಸ ಮಾಡಿತು ಕೂಡ. ವಾರಗಟ್ಟಲೆ ಒಂದು ಪಂಕ್ಚರೂ ಇಲ್ಲ. ಅತ್ತೆ ಬಾವಿಯ ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿದರು, "ನಮ್ಮ ಸೊಸಿ ಗಾಲಿಗಿ ಸೀರಿ ಉಡಿಸೇನಿ."

"ಹಂಗಾರ ಕುಪ್ಪಸಾ ಯಾವಾಗ ಹೊಲಸ್ತಿ, ನೀಲವ್ವ?" ಎಂದು ಎದುರುಮನೆಯಾಕೆ ಕೇಳಿದಳಂತೆ.

"ಮೊದಲ ನಿನ್ನ ಗಂಡಗ ಒಂದು ಧೋತರಾ ಉಡಸು," ಎಂದು ಇವರು ಹೇಳಿ ಬಂದರು.

ಹಗಲು ಗಿಡ್ಡವಾಗಿದ್ದ ಚಳಿಗಾಲದ ಒಂದು ಸಂಜೆ, ಹುನಗುಂದ ಹಿಂದೆ ಉಳಿದು ಇಳಕಲ್ ಇನ್ನೂ ದೂರವಿದ್ದಲ್ಲಿ, ಹಿಂದಿನ ಗಾಲಿ ನೆಲ ಕಚ್ಚಿತು. ಟೈರನ್ನೆಲ್ಲ ತಡಕಿದೆ, ಮುಳ್ಳಿಲ್ಲ. ಪಂಪ್ ಹೊಡೆದೆ, ನೂರು ಮಾರು ಹೋಗುವುದರೊಳಗೆ ಮತ್ತೆ ಇಳಿಯಿತು. ತಳ್ಳಿಕೊಂಡು ಹೊರಟೆ. ಹಟ್ಟಿಯ ಹತ್ತಿರ ಅದೇ ಕುರಿಯ ಹೆಂಗಸು ದೂರದಿಂದಲೇ ಕೈಯೆತ್ತಿ ಕೂಗಿದಳು: "ನಮ್ಮ ಮುಳ್ಳಲ್ಲಬೇ ಅದು. ಬೀರಪ್ಪನ ಆಣಿ, ದಾರಿ ಮ್ಯಾಲ ಒಂದೂ ಬಿಟ್ಟಿಲ್ಲ." ಆಮೇಲೆ ನನ್ನ ಮುಖ ನೋಡಿ, ಊರಿನ ದೀಪ ಕಾಣುವವರೆಗೆ ಸೈಕಲ್ಲಿನ ಇನ್ನೊಂದು ಬದಿ ಹಿಡಿದು ಜೊತೆಗೆ ನಡೆದಳು. ನಮ್ಮ ಮನೆಯಲ್ಲೂ ದೀಪ ಹಚ್ಚಿ ಬಹಳ ಹೊತ್ತಾಗಿತ್ತು.

ಅತ್ತೆ ಬಾಗಿಲಲ್ಲಿದ್ದರು. ನನ್ನ ಗಂಡ ಮೆಲ್ಲಗೆ "ಪಂಕ್ಚರ್ ಆಗಿರಬೇಕವಾ" ಎಂದರು.

"ಮಾತು ಮಾತ," ಎಂದರು ಅತ್ತೆ. ಊಟ ಬಡಿಸಿದರು. ಮರುದಿನ ಉಡಬೇಕೆಂದು ಇಸ್ತ್ರಿ ಮಾಡಿಟ್ಟಿದ್ದ ಸೀರೆಯನ್ನು ನಾನು ಮಡಿಸಿ ಟ್ರಂಕಿನಲ್ಲಿಟ್ಟೆ.

ಬೆಳಿಗ್ಗೆ ಎದ್ದಾಗ ಅವರು ಟೈರು ಬಿಚ್ಚಿಕೊಂಡು ಕೂತಿದ್ದರು. ರೇಷ್ಮೆ ಮುದ್ದೆ ಸುತ್ತಲೂ ಸಲೀಸಾಗಿ ಹರಿಯಿತು, ಎಲ್ಲೂ ಸಿಕ್ಕಲಿಲ್ಲ. ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿದರು. ಗುಳ್ಳೆ ಎದ್ದ ಜಾಗಕ್ಕೆ ಸರಿಯಾಗಿ ಬಟ್ಟೆಯ ಪಟ್ಟಿಯನ್ನು ಹಿಡಿದು ನೋಡಿದರು. ಅಲ್ಲಿ ಇದ್ದದ್ದು ಕೊಂಡಿ. ಇಳಕಲ್ ಸೀರೆಯ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದರೊಳಗೊಂದು ಸಿಕ್ಕಿಸಿ ಸೇರಿಸುವ ಸಾಲು ಅದು. ಇಡೀ ಓಣಿ ನೀಲವ್ವನ ಕೊಂಡಿಯನ್ನು ಹೊಗಳುತ್ತಿತ್ತು. ಸೀರೆ ಹರಿದರೂ ಅದು ಬಿಡುತ್ತಿರಲಿಲ್ಲ. ಗಾಲಿಗೆ ಮೂರು ಸುತ್ತು ಹಾಸಲು ಒಡಲಿನ ಪಟ್ಟಿ ಸಾಲದೆ ಸೆರಗಿನವರೆಗೆ ಸೀಳಿದ್ದರು. ಆ ಗಟ್ಟಿ ದಿಂಡು ದಾರಿಯುದ್ದಕ್ಕೂ ಉಜ್ಜಿ ಉಜ್ಜಿ ಟ್ಯೂಬನ್ನು ತಿಂದಿತ್ತು.

ಬಹಳ ಹೊತ್ತು ಅವರು ಆ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಿದ್ದರು. ನನಗೆ ಏನೂ ಕಾಣದವಳಂತೆ ಒಲೆಯ ಕಡೆ ಹೋಗುವುದು ಒಳ್ಳೆಯದೆನಿಸಿತು.

"ಏ, ಎಲ್ಲಿ ಹೊಂಟಿ?" ಎಂದರು. "ಮುಳ್ಳು ಚುಚ್ಚಿದ್ರ ಮಾತು ಮಾತಾಗಿತ್ತು. ಇದು ನಮ್ಮನಿ ಸೀರಿ ಚುಚ್ಚಿದ್ದು. ಇದು ಲೆಕ್ಕಕ್ಕಿಲ್ಲ. ಬಸ್ಸು ಬರೂ ಹೊತ್ತಾತು, ಸೀರಿ ಉಟಗೋ."

ಪಟ್ಟಿಯನ್ನು ತೆಗೆದು ಹಳೆಯ ಟ್ಯೂಬನ್ನು ಸೀಳಿ, ಅಂಚನ್ನು ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿ ಹಾಸಿದೆವು. ಅದಾದ ಮೇಲೂ ಮುಳ್ಳು ಚುಚ್ಚಿದ್ದುಂಟು, ನಾನು ತಡವಾಗಿ ಬಂದದ್ದುಂಟು. ಶರತ್ತಿನ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. ಬಾಗಿಲಲ್ಲಿ ನಿಲ್ಲುವುದನ್ನೂ ಬಿಟ್ಟರು. ದೀಪ ಹಚ್ಚಿ ನೇರ ಮಗ್ಗಕ್ಕೆ ಕೂರುತ್ತಿದ್ದರು. ನಾನು ಸೈಕಲ್ ಒಳಗೆ ತರುವಾಗ ಲಾಳಿ ಓಡುತ್ತಲೇ ಇರುತ್ತಿತ್ತು. ಮುದುಕಿಗೆ ನನ್ನ ಚಿಂತೆ ಹೋಯಿತು ಎಂದುಕೊಂಡೆ. ಸ್ವಲ್ಪ ಬೇಜಾರೂ ಆಗಿತ್ತು, ಸುಳ್ಳೇಕೆ ಹೇಳಲಿ. ಯಂಗ್ ಆಗಿದ್ದಾಗ ಮನುಷ್ಯರು ಕಿವುಡರಾಗಿರುತ್ತಾರೆ. ಮನೆಯವರು ಬರದಿರುವ ಸಂಜೆ ಮಗ್ಗದ ಮುಂದೆ ಕೂತು, ಎಳೆ ತಪ್ಪದಂತೆ ಲಾಳಿ ಓಡಿಸುವುದು ಎಂಥ ಕೆಲಸ ಎಂಬುದು ನನಗೆ ಈಗೀಗ ತಿಳಿಯುತ್ತಿದೆ.

ಏಕೆಂದರೆ ವೀಣಾ ಹೊರಗೆ ಹೋದರೆ ನಾನು ಫೋನ್ ಮಾಡುತ್ತೇನೆ. ಊರು ದಾಟಿದೆಯಾ, ನೀರು ಕುಡಿದೆಯಾ, ಮೋಡ ಇದೆಯಾ. ಅವಳು ಪ್ರತಿ ಸಲವೂ ಸೈಕಲ್ ನಿಲ್ಲಿಸಿ, ಇಳಿದು, ತಾಳ್ಮೆಯಿಂದ ಉತ್ತರ ಕೊಡುತ್ತಾಳೆ. ಎಲ್ಲಿ ನಿಲ್ಲುತ್ತಾಳೆ? ರಸ್ತೆಯ ಅಂಚಿನಲ್ಲಿ, ಮುಳ್ಳು ಬಿದ್ದಿರುವಲ್ಲೇ.

ಇವತ್ತು ಬೆಳಿಗ್ಗೆ ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ, ನಾನು ಕೇಳುವ ಮುಂಚೆಯೇ ಹೇಳಿದಳು: "ಸಂಜಿಮುಂದ ಲಗೂನ ಬರ್ತೇನಿ, ಅತ್ತಿ. ಬಾದಾಮಿ ಮುಟ್ಟಿದ ಕೂಡಲೆ ಫೋನ್ ಮಾಡ್ತೇನಿ."

ನಾನು ಒಳಗೆ ಹೋಗಿ ಮನೆಯ ಇನ್ನೊಂದು ಕೀಲಿ ತಂದು ಕೊಟ್ಟೆ. "ಇದನ್ನ ಇಟಗೋ. ಬಂದಾಗ ನೀನ ತಕ್ಕೊಂಡು ಒಳಗ ಬಾ. ಫೋನ್ ಬ್ಯಾಡ. ನಾ ಮಲಗಿರ್ತೇನಿ."

ನಾನು ಹಗಲು ಮಲಗುವವಳಲ್ಲ ಎಂದು ಅವಳಿಗೆ ಗೊತ್ತು. ಕೀಲಿಯನ್ನು ಸೀಟಿನ ಕೆಳಗಿನ ಪೌಚಿನಲ್ಲಿ ಹಾಕಿ ಜಿಪ್ ಎಳೆದಳು. ಅವಳು ತಿರುವು ದಾಟುವ ಮುಂಚೆಯೇ ನಾನು ಬಾಗಿಲು ಹಾಕಿಕೊಂಡೆ.

ಈಗ ಅವಳು ಬಾದಾಮಿಯಲ್ಲಿರಬಹುದು, ಶಿವಯೋಗ ಮಂದಿರದ ಹೊಳೆಯ ದಂಡೆಯಲ್ಲಿರಬಹುದು, ಎಲ್ಲೋ ಗಿಡದ ನೆರಳಿನಲ್ಲಿ ಟ್ಯೂಬ್ ಬದಲಿಸುತ್ತಲೂ ಇರಬಹುದು. ಫೋನು ಒಳಕೋಣೆಯಲ್ಲಿದೆ. ನನಗೆ ನೇಯಲು ಬರುವುದಿಲ್ಲ, ಅದಕ್ಕೆ ಇದನ್ನು ಬರೆಯುತ್ತಾ ಕೂತಿದ್ದೇನೆ.