ಹೋಲಿಕೆಯ ಊರಿನ ಹಾಲು

ಅಜ್ಜೀಪುರದ ನಮ್ಮ ಬಾಡಿಗೆ ಮನೆಯಲ್ಲಿ ಎರಡು ಒಲೆಗಳು ಉರಿಯುತ್ತಿದ್ದವು. ಒಂದರ ಮೇಲೆ ನಾನು ಮಗುವಿಗೆ ಹಾಲು ಕಾಯಿಸುತ್ತಿದ್ದೆ. ಹಿಂದಿನ ಕೋಣೆಯ ಇನ್ನೊಂದರ ಮೇಲೆ ನನ್ನ ಗಂಡ ಅದೇ ಹಸುವಿನ ಹಾಲನ್ನು ಸುಡುತ್ತಿದ್ದರು. ಕಾಯಿಸುವುದಲ್ಲ, ಸುಡುವುದು. ನೀರೆಲ್ಲ ಇಂಗಿ, ಕೆನೆ ಕಪ್ಪಾಗಿ, ಹೊಗೆಯೆದ್ದು, ಕೊನೆಗೆ ಬರೀ ಕರಕು ಉಳಿಯುವ ತನಕ. ಆ ಕರಕನ್ನು ಕರೆಂಟಿನ ಕುಲುಮೆಯೊಳಗಿಟ್ಟರೆ ಬಿಳಿ ಬೂದಿಯಾಗುತ್ತಿತ್ತು. ಮೊದಲ ಕಾಗದದಲ್ಲಿ ಇದನ್ನು ಬರೆದಾಗ, ಹೊನ್ನಾವರದಿಂದ ನನ್ನ ಆಯಿ, ಅಳಿಯನ ನೌಕರಿ ನೆಟ್ಟಗಿದೆಯೋ ಇಲ್ಲವೋ ಎಂದು ತಿರುಗಿ ಕೇಳಿದ್ದಳು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಡಲ ದಂಡೆಯ ಅಣು ವಿದ್ಯುತ್ ಸ್ಥಾವರವೊಂದರ ಪರಿಸರ ಪ್ರಯೋಗಾಲಯದಲ್ಲಿ ಇವರಿಗೆ ಕೆಲಸ ಸಿಕ್ಕಿತು ಎಂದಾಗ ನಾನು ಹಿಗ್ಗಿದ್ದು ಕಡಲಿಗಾಗಿ. ಊರು ಯಾವುದಾದರೇನು, ಮೀನಿನ ವಾಸನೆಯೂ ಅಲೆಯ ಸದ್ದೂ ಇದ್ದರೆ ಬದುಕಿಯೇನು ಅಂದುಕೊಂಡಿದ್ದೆ. ಆದರೆ ನಮ್ಮನ್ನು ಕಳಿಸಿದ್ದು ಕೊಳ್ಳೇಗಾಲಕ್ಕೆ, ಅಲ್ಲಿಂದ ಹನೂರಿಗೆ, ಅಲ್ಲಿಂದ ಬಸ್ಸಿನ ಕೊನೇ ಸೀಟಿನಲ್ಲಿ ಕುಲುಮೆಯ ಪೆಟ್ಟಿಗೆಯನ್ನು ಕಾಲಡಿಗಿಟ್ಟುಕೊಂಡು ಅಜ್ಜೀಪುರಕ್ಕೆ. ಸುತ್ತ ಒಣ ಹೊಲ, ಅದರಾಚೆ ಕಾಡು ಹತ್ತಿದ ಬೆಟ್ಟ. ಸ್ಥಾವರದ ಸುಳಿವೂ ಇಲ್ಲದ ಊರು. ಅದಕ್ಕೇ ಆರಿಸಿದ್ದಂತೆ.

ಇವರು ನನಗೆ ವಿವರಿಸಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ದೂರ ದೇಶಗಳು ಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತವೆ. ಆ ಧೂಳು ಆಕಾಶಕ್ಕೇರಿ, ಮಳೆಯ ಜೊತೆ ಎಲ್ಲ ಊರುಗಳ ಮೇಲೂ ಇಳಿಯುತ್ತದೆ. ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಾಲಿಗೆ, ಹಾಲು ಕುಡಿದ ಮಕ್ಕಳ ಎಲುಬಿಗೆ. ಸ್ಥಾವರದ ಪಕ್ಕದ ಹಳ್ಳಿಯ ಹಾಲಿನಲ್ಲಿ ಅಂಥದ್ದೇನಾದರೂ ಸಿಕ್ಕರೆ ಅದು ಸ್ಥಾವರದ್ದೋ ಆಕಾಶದ್ದೋ ಎಂದು ತಿಳಿಯಬೇಕಲ್ಲ, ಅದಕ್ಕೆ ಸ್ಥಾವರವೇ ಇಲ್ಲದ ಕಡೆಯ ಹಾಲೂ ಬೇಕು. ಹಾಗೆ ಹಾಲು ಕೊಡುವ ಊರನ್ನು ಇವರು ಹೋಲಿಕೆಯ ಊರು ಎನ್ನುತ್ತಿದ್ದರು. ನನಗೂ ಹೋಲಿಸುವುದೇ ಕೆಲಸವಾಯಿತು. ನಮ್ಮಲ್ಲಿ ಕುಚ್ಚಿಗೆ ಅಕ್ಕಿಯ ಗಂಜಿ, ಇಲ್ಲಿ ರಾಗಿ ಮುದ್ದೆ. ನಮ್ಮಲ್ಲಿ ಬಂಗಡೆ ಸಾರು, ಇಲ್ಲಿ ಉಪ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿದ ಕಟ್ಟು, ಜೊತೆಗೆ ನಂಚಿಕೊಳ್ಳಲು ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ. ನಮ್ಮಲ್ಲಿ ಬಾವಿಗೆ ಬಗ್ಗಿದರೆ ನೀರು ಕಾಣುತ್ತದೆ, ಇಲ್ಲಿ ಕತ್ತಲೆ ಕಾಣುತ್ತದೆ.

ಇವರು ಬೆಳಿಗ್ಗೆ ಸೈಕಲ್ ಹತ್ತಿ ಹುಲ್ಲು, ಮಣ್ಣು, ಕೆರೆ ನೀರು ತರಲು ಹೋದರೆ ನಾನು ಮಗುವನ್ನು ಕಾಲ ಮೇಲೆ ಹಾಕಿಕೊಂಡು ಅಳುತ್ತಿದ್ದೆ. ಬಂದ ತಿಂಗಳಲ್ಲೇ ನನ್ನ ಎದೆಹಾಲು ಬತ್ತಿತ್ತು. ಆಗ ಕೈಹಿಡಿದವಳು ಪಕ್ಕದ ಮನೆಯ ಮಾದಮ್ಮ. ಹಣೆತುಂಬ ವಿಭೂತಿ, ಸೊಂಟದಲ್ಲಿ ಬೀಗದಕೈ, ಮಾತಿನಲ್ಲಿ ಗತ್ತು. ನಾವು ಮನೆ ಹೊಕ್ಕ ದಿನ ತನ್ನ ಕೆಂದಿ ಹಸುವಿನ ಹಾಲು ತಂದು, ನಮ್ಮ ಒಲೆಯ ಮೇಲೆ ಉಕ್ಕಿಸಿ, ಇನ್ನು ಈ ಮನೆ ತುಂಬಿತು ಅಂದವಳು ಅವಳೇ. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ನನ್ನೆದುರು ಕೂತು ನುಂಗಿ ತೋರಿಸಿದಳು. ನಾನು ಮೊದಲ ಬಾರಿ ಒಂದಿಡೀ ಮುದ್ದೆ ಮುಗಿಸಿದ ದಿನ ಬೀದಿಯ ಹೆಂಗಸರಿಗೆಲ್ಲ ಸಾರಿಕೊಂಡು ಬಂದಳು. ಬೆಳಿಗ್ಗೆ ಎರಡು ಚೆಂಬು ಹಾಲು ಕೊಡುತ್ತಿದ್ದಳು, ಒಂದು ಮಗುವಿಗೆ, ಒಂದು ಇವರ ಪರೀಕ್ಷೆಗೆ. ಪರೀಕ್ಷೆ ಅಂದರೆ ನೀರು ಬೆರೆಸಿದೆಯೋ ಎಂದು ನೋಡುವುದು ಎಂದೇ ಅವಳು ತಿಳಿದಿದ್ದಳು. ಅದು ಹಾಗಲ್ಲ ಎಂದು ಹೇಳುವ ಪ್ರಸಂಗ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಅವರೆಕಾಳು ಸಾರು ಹಿಡಿದು ಒಳಗೆ ಬಂದವಳು ವಾಸನೆ ಹಿಡಿದು ಹಿಂದಿನ ಕೋಣೆಗೆ ಹೋದಳು. ಬಾಣಲೆಯಲ್ಲಿ ಕೆಂದಿಯ ಹಾಲು ಕಪ್ಪಗೆ ಅಂಟಿಕೊಂಡು ಹೊಗೆಯುತ್ತಿತ್ತು. ಆ ಸೀಮೆಯಲ್ಲಿ ಹಾಲಿನ ಒಂದು ಹನಿ ಒಲೆಗೆ ಬಿದ್ದರೂ ಓಡಿ ನೀರು ಚಿಮುಕಿಸುತ್ತಾರೆ. ಬೆಂಕಿಗೆ ಬಿದ್ದ ಹಾಲು ಕರೆದ ಹಸುವಿನ ಕೆಚ್ಚಲನ್ನು ಸುಡುತ್ತದೆ ಎಂಬ ನಂಬಿಕೆ.

"ಕರುನ್ ಬಾಯಿಂದ ಕಿತ್ಕಂಡು ನಿಮ್ಗ್ ಕೊಟ್ಟಿವ್ನಿ ಕಣವ್ವ. ಅದ್ನ ಬೆಂಕಿಗಾಕದಾ?" ಅಂದಳು. ದನಿ ಏರಿಸಲಿಲ್ಲ.

ನೀವೇ ಅಲ್ಲವೇ ನಮ್ಮ ಒಲೆಯ ಮೇಲೆ ಹಾಲುಕ್ಕಿಸಿದ್ದು ಎಂದು ನಾನು ತೊದಲಿದೆ.

"ಉಕ್ಕದೇ ಬ್ಯಾರೆ, ಸುಡದೇ ಬ್ಯಾರೆ," ಎಂದು ಸಾರಿನ ಪಾತ್ರೆಯನ್ನು ಹಾಗೇ ಹಿಡಿದುಕೊಂಡು ಹೊರಟುಹೋದಳು.

ಆ ವಾರವೇ ಕೆಂದಿಯ ಕೆಚ್ಚಲು ಬಾತುಕೊಂಡಿತು. ಮುಟ್ಟಿದರೆ ಒದೆಯುತ್ತಿತ್ತು. ಕರೆದರೆ ಹಾಲಿನ ಬದಲು ಹಳದಿ ನೀರು, ಗಂಟು ಗಂಟು. ಹಸುಗಳಿಗೆ ಬರುವ ರೋಗವೇ ಅದು, ನಮ್ಮ ಕುಲುಮೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಇವರು ನನಗೆ ಹೇಳಿದರು. ಬೀದಿಗೆ ಯಾರು ಹೇಳುತ್ತಾರೆ? ನಾನು ನೀರಿಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಹಾಲಿಗೆ ಬೇರೆ ಮನೆಗಳ ಬಾಗಿಲು ಬಡಿದೆ. ಎಲ್ಲರ ಹಸುಗಳೂ ಒಂದೇ ದಿನ ಬತ್ತಿಹೋಗಿದ್ದವಂತೆ. ಮಗು ರಾಗಿಸರಿ ಉಗುಳಿ, ಅತ್ತು ಅತ್ತು ನಿದ್ದೆ ಹೋಗುತ್ತಿತ್ತು.

ಮಾದಮ್ಮನಿಗೆ ಆ ಅಳು ಗೋಡೆಯಾಚೆಯಿಂದ ಕೇಳದೆ ಇದ್ದೀತೇ? ಮರುದಿನ ತನ್ನ ತಂಗಿಯ ಮನೆಯ ಹಸುವಿನ ಹಾಲು ಹಿಡಿದು ಹೊಸ್ತಿಲ ಹೊರಗೆ ನಿಂತಳು. ಷರತ್ತು ಹೇಳಿದಳು:

"ಮಗ ಏನ್ ಮಾಡೀತು. ನನ್ ಚೆಂಬ್ನಾಗೆ, ನನ್ ಕಣ್ ಮುಂದೇನೆ ಕುಡೀಲಿ. ನಿಮ್ ಪಾತ್ರೆಗ್ ಮಾತ್ರ ಒಂದ್ ತೊಟ್ಟೂ ಉಯ್ಯಕಿಲ್ಲ."

ದಿನಾ ಹಾಗೆಯೇ ನಡೆಯಿತು. ಅವಳೇ ತಂದ ಒಳಲೆಯಲ್ಲಿ ನಾನು ಕುಡಿಸುವಾಗ ಅವಳು ಎವೆಯಿಕ್ಕದೆ ನೋಡುತ್ತಿದ್ದಳು, ಕಟವಾಯಿಯಿಂದ ಇಳಿದ ಹನಿಯನ್ನು ಸೆರಗಿನಿಂದ ತಾನೇ ಒರೆಸುತ್ತಿದ್ದಳು, ಖಾಲಿ ಚೆಂಬು ತೊಳೆದುಕೊಂಡು ಎದ್ದು ಹೋಗುತ್ತಿದ್ದಳು. ಅಷ್ಟು ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ. ಅಷ್ಟು ಋಣವೂ.

ಸ್ಥಾವರದಿಂದ ಕಾಗದ ಬಂತು. ಹಾಲಿನ ಬೂದಿ ಬರದೆ ಹೋದರೆ ಅಜ್ಜೀಪುರದ ಕೆಲಸ ನಿಲ್ಲಿಸಿ, ನಮ್ಮನ್ನು ಕಡಲ ದಂಡೆಯ ಕಾಲೊನಿಗೆ ಕರೆಸಿಕೊಳ್ಳುತ್ತೇವೆ ಎಂದಿತ್ತು. ನಾನು ಬಯಸಿದ್ದು ಅದನ್ನೇ. ಸುಮ್ಮನಿದ್ದರೆ ಸಾಕಿತ್ತು, ಕಡಲು ತಾನಾಗಿ ಸಿಗುತ್ತಿತ್ತು. ಆದರೆ ಗೋಡೆಯಾಚೆ ಕೆಂದಿ ನರಳುವುದು ಕೇಳುತ್ತಿತ್ತು. ಹಸು ಬತ್ತಿಸಿ ಓಡಿಹೋದವರು ಎಂದು ಈ ಬೀದಿಯಲ್ಲಿ ನಮ್ಮ ಹೆಸರು ಉಳಿಯುವುದು ನನಗೆ ಸಹಿಸಲಾಗಲಿಲ್ಲ. ಜೊತೆಗೆ ಇನ್ನೊಂದು ಭಯವೂ ಇತ್ತು. ನನ್ನ ಮಗು ಇಷ್ಟು ತಿಂಗಳು ಕುಡಿದ ಹಾಲಿನಲ್ಲಿ ಏನಿತ್ತು ಎಂಬ ಉತ್ತರ ಇನ್ನೂ ಬಂದಿರಲಿಲ್ಲ. ಕೇಳಿದಾಗಲೆಲ್ಲ ಇವರು, ಬೂದಿಯ ವಿಕಿರಣದ ಎಣಿಕೆಗೆ ಸಮಯ ಹಿಡಿಯುತ್ತದೆ ಎನ್ನುತ್ತಿದ್ದರು.

ಹನೂರಿಗೆ ಹೋಗಿ ದನದ ಡಾಕ್ಟರನ್ನು ಕರೆದುಕೊಂಡು ಬನ್ನಿ, ಅದಾಗದಿದ್ದರೆ ಮನೆಗೆ ಬರಬೇಡಿ ಅಂದೆ. ಮದುವೆಯಾದ ಮೇಲೆ ಇವರಿಗೆ ನಾನು ಹಾಗೆ ಅಂದದ್ದು ಅದೇ ಮೊದಲು. ಇವರು ಸೈಕಲ್ ತುಳಿದು ಹೋಗಿ ಕರೆತಂದರು. ಡಾಕ್ಟರು ಮೊಲೆಗೆ ಔಷಧಿ ಏರಿಸಿದರು, ಸೂಜಿ ಚುಚ್ಚಿದರು, ಮೂರು ಮೊಲೆ ಉಳಿದಾವು, ನಾಲ್ಕನೆಯದರ ಭರವಸೆ ಇಲ್ಲ ಎಂದರು. ಮಾದಮ್ಮ ಕೆಂದಿಯ ಕೊರಳು ತಬ್ಬಿ ನಿಂತಿದ್ದಳು. ಡಾಕ್ಟರು ಹೋದ ಮೇಲೆ ಇವರತ್ತ ತಿರುಗಿದಳು. "ಬೂದಿಯಾದ್ ಮ್ಯಾಲೆ ಅದೆಲ್ಲಿಗ್ ಓಯ್ತದೆ ಸಾ?"

ಪೊಟ್ಟಣ ಕಟ್ಟಿ ಸ್ಥಾವರಕ್ಕೆ ಕಳಿಸುತ್ತೇವೆ ಎಂದು ಇವರು ಹೇಳಿದರು. ಹುಲ್ಲು, ಹಸು, ಎಲುಬು ಎಲ್ಲ ವಿವರಿಸಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಯೋಚನೆ ಮಾಡಿ ಅಂದಳು, "ಅಂಗಾರೆ ಆ ಬೂದಿ ತಂದ್ಕೊಡಿ. ಕೆಂದಿ ಬೂದಿ ಕೆಂದಿ ಅಣೇಗೇ ಬಂದ್ರೆ ಅದು ಸುಟ್ಟಂಗಲ್ಲ. ಸಿವನ್ ಪಾಲಾದಂಗೆ."

ನನಗೆ ಹೋದ ಜೀವ ಬಂದಂತಾಯಿತು. ಸಗಣಿ ಸುಟ್ಟ ಬೂದಿಯನ್ನೇ ವಿಭೂತಿ ಮಾಡಿ ಹಣೆಗಿಡುವ ಜನಕ್ಕೆ ಹಾಲಿನ ಬೂದಿ ಹೇಗೆ ಅನ್ಯವಾದೀತು? ಆದರೆ ನನ್ನ ಗಂಡ ನಿಯಮದ ಮನುಷ್ಯ. ಕಳಿಸಬೇಕಾದ ಬೂದಿಯಲ್ಲಿ ಚಿಟಿಕೆ ಕೊಟ್ಟರೂ ಲೆಕ್ಕ ಕೆಡುತ್ತದೆ, ಆಗುವುದಿಲ್ಲ ಎಂದುಬಿಟ್ಟರು. ಆ ಗಳಿಗೆಯಲ್ಲಿ ಅವರ ಕೊರಳುಪಟ್ಟಿ ಹಿಡಿದು ಜಗ್ಗಬೇಕೆನಿಸಿತು. ಅಷ್ಟರಲ್ಲಿ ಅವರೇ ತಲೆ ಕೆರೆದುಕೊಳ್ಳುತ್ತ, ಬೇಕಾದರೆ ಮಾದಮ್ಮನದೇ ಎಂದು ಒಂದು ಚೆಂಬು ಹೆಚ್ಚಿಗೆ ಸುಡಬಹುದು, ಆ ಬೂದಿ ಪೂರ್ತಿ ಅವಳದು ಎಂದರು. ಹಾಲು ಸುಟ್ಟಿದ್ದಕ್ಕೆ ಮುನಿದವಳ ಹತ್ತಿರ ಸುಡಲು ಇನ್ನಷ್ಟು ಹಾಲು ಕೇಳುವ ಗಂಡನನ್ನು ಕಟ್ಟಿಕೊಂಡೆನಲ್ಲ ಎಂದು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು. ಮಾದಮ್ಮ ಮಾತ್ರ ಅದನ್ನು ನ್ಯಾಯವಾದ ಮಾತೆಂಬಂತೆ ಕೇಳಿ, ತಲೆಯಾಡಿಸಿ ಒಳಗೆ ಹೋದಳು.

ಕೆಂದಿಯ ಹಾಲು ಮತ್ತೆ ತಿಳಿಯಾದ ಮೇಲೆ ಅವಳು ಬಂದಳು. ಕೈಯಲ್ಲಿ ಎರಡರ ಬದಲು ಮೂರು ಚೆಂಬು. ಕುಲುಮೆಯ ಮುಂದೆ ಗೋಡೆಗೊರಗಿ ಕೂತಳು, ಕರಕು ವಾಸನೆಗೆ ಮೂಗು ಮುಚ್ಚಲಿಲ್ಲ. ಇವರು ಬಟ್ಟಲನ್ನು ಇಕ್ಕಳದಲ್ಲಿ ಹೊರತೆಗೆದಾಗ ತಳದಲ್ಲಿ ಒಂದಿಷ್ಟೇ ಇಷ್ಟು ಬೂದಿ, ಅಚ್ಚ ಬಿಳಿ. ಅಷ್ಟು ಹಾಲಿಗೆ ಇಷ್ಟೇನಾ ಎಂದು ಬೆರಗಾದಳು. ಕೈಗೆ ತಾಳುವಷ್ಟು ಆರಿದ ಮೇಲೆ ಅಂಗೈಗೆ ಸುರುವಿಕೊಂಡು ಕೊಟ್ಟಿಗೆಗೆ ಹೋಗಿ ಕೆಂದಿಯ ಹಣೆಗಿಟ್ಟಳು, ಕರುವಿಗಿಟ್ಟಳು, ತನಗೂ ಇಟ್ಟುಕೊಂಡಳು. ಮಗುವನ್ನೆತ್ತಿಕೊಂಡು ನಾನೂ, ಇಕ್ಕಳ ಹಿಡಿದೇ ಇವರೂ ಅವಳ ಹಿಂದೆ ಹೋಗಿದ್ದೆವು. ಆಮೇಲೆ ಅದೇ ಹೆಬ್ಬೆರಳು ನನ್ನ ಮಗುವಿನ ಕಡೆ ಬಂತು.

ಇವರು ಹುಡುಕುತ್ತಿರುವುದು ಏನೇ ಇರಲಿ, ಅದು ಇರುವುದು ಆ ಬೂದಿಯಲ್ಲೇ. ಚೆಂಬು ಹಾಲಿನಲ್ಲಿ ಹರಡಿಕೊಂಡಿದ್ದದ್ದು ಅಲ್ಲಿ ಚಿಟಿಕೆಯಾಗಿ ಕೂತಿದೆ. ಉತ್ತರ ಬಂದಿಲ್ಲ. ಇವರ ಮುಖ ನೋಡಿದೆ, ಇವರು ಇಕ್ಕಳ ಹಿಡಿದು ನೆಲ ನೋಡುತ್ತಿದ್ದರು. ಮಗುವನ್ನು ಎಳೆದುಕೊಂಡರೆ ಮಾದಮ್ಮ ಮತ್ತೆ ಹೊಸ್ತಿಲು ತುಳಿಯುವುದಿಲ್ಲ ಎಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳು ತನ್ನ ಹಸುವನ್ನೇ ನಮ್ಮ ಬೆಂಕಿಗೆ ಒಪ್ಪಿಸಿ ಕೂತಿದ್ದಳಲ್ಲ ಎಂಬುದು ನೆನಪಾಯಿತು. ಮಗುವನ್ನು ಮುಂದಕ್ಕೆ ಹಿಡಿದೆ. ನಾನೂ ಬಗ್ಗಿದೆ. ಹೆಬ್ಬೆರಳು ಒರಟಾಗಿತ್ತು, ಬೂದಿ ಇನ್ನೂ ಬೆಚ್ಚಗಿತ್ತು.

ಉತ್ತರ ಬಂದದ್ದು ಬಹಳ ಸಮಯದ ಮೇಲೆ. ಆಕಾಶದ ಧೂಳು ಎಲ್ಲ ಕಡೆ ಇರುವಷ್ಟೇ ಇಲ್ಲಿಯೂ ಇದೆ, ಭಯಪಡುವಂಥದ್ದಲ್ಲ. ನಾನು ಆ ದಿನ ಮಗುವನ್ನು ಅಪ್ಪಿಕೊಂಡು ಅತ್ತೆ. ಮಾದಮ್ಮನಿಗೆ ಹೇಳಿದರೆ, ಅದು ತನಗೆ ಮೊದಲೇ ಗೊತ್ತಿತ್ತು ಎನ್ನುವ ಮುಖ ಮಾಡಿದಳು. ಕೆಂದಿಯ ನಾಲ್ಕನೇ ಮೊಲೆಯಲ್ಲಿ ಮತ್ತೆ ಹಾಲು ಬರಲೇ ಇಲ್ಲ. ಆ ಮಾತನ್ನು ಅವಳು ನನ್ನೆದುರು ಎತ್ತಲೂ ಇಲ್ಲ.

ಈಗ ನಾವು ಕಡಲ ದಂಡೆಯ ಕಾಲೊನಿಯಲ್ಲಿದ್ದೇವೆ. ವರ್ಗವಾಗಿ ಬಂದೆವು, ಓಡಿಬಂದದ್ದಲ್ಲ. ಕಿಟಕಿ ತೆರೆದರೆ ಅಲೆ ಕಾಣುತ್ತದೆ, ಸಂತೆಯಲ್ಲಿ ಬಂಗಡೆ ಸಿಗುತ್ತದೆ, ಆಯಿ ಬಂದು ತಿಂಗಳಾಯಿತು. ಹಾಲು ಒಲೆಗೆ ಚೆಲ್ಲಿದರೆ ನಾನು ಓಡಿ ನೀರು ಚಿಮುಕಿಸುವುದನ್ನು ನೋಡಿ ಆಯಿ ನಗುತ್ತಾಳೆ, ಇದನ್ನೆಲ್ಲಿ ಕಲಿತೆ ಎನ್ನುತ್ತಾಳೆ. ಅಜ್ಜೀಪುರದಲ್ಲಿ ಈಗ ಬೇರೊಬ್ಬರಿದ್ದಾರೆ. ಮೊನ್ನೆ ಇವರು ಕೆಲಸದಿಂದ ಬಂದು ಚಹಾ ಕುಡಿಯುತ್ತ, ಇವತ್ತು ಹೋಲಿಕೆಯ ಊರಿನ ಬೂದಿ ಬಂತು ಅಂದರು. ಮೂರನೇ ಚೆಂಬು ಈಗಲೂ ಸುಡುತ್ತಾರೋ ಎಂದು ಕೇಳಿದೆ. ಇವರಿಗೆ ಗೊತ್ತಿರಲಿಲ್ಲ. ಹೋಲಿಕೆಯ ಊರು ಅನ್ನಬೇಡಿ, ನಮ್ಮೂರು ಅನ್ನಿ ಎಂದು ನನ್ನ ಬಾಯಿಗೆ ಬಂದಿತ್ತು. ಆಯಿ ಎದುರಿಗೇ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಹೇಳಲಿಲ್ಲ.